ಎಷ್ಟು ರೋಗಾಣು, ಎಷ್ಟು ಹೊತ್ತು, ಎಷ್ಟು ದುಡ್ಡು

ಟೈಫಾಯ್ಡ್ ಬರಬೇಕಾದರೆ ಎಷ್ಟು ರೋಗಾಣು ಹೊಟ್ಟೆಗೆ ಹೋಗಬೇಕು? ಈ ಪ್ರಶ್ನೆಗೆ ಅಂಕಿ ಸಮೇತ ಉತ್ತರ ಇದೆ. 1960ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ವೈದ್ಯರು ಜೈಲಿನ ಕೈದಿಗಳಿಗೆ ಟೈಫಾಯ್ಡ್ ಬ್ಯಾಕ್ಟೀರಿಯಾಗಳನ್ನು ಅಳೆದು ಕುಡಿಸಿ ನೋಡಿದರು. 1,000 ಬ್ಯಾಕ್ಟೀರಿಯಾ ಕುಡಿದ 14 ಜನರಲ್ಲಿ ಒಬ್ಬರಿಗೂ ಕಾಯಿಲೆ ಬರಲಿಲ್ಲ. 1 ಲಕ್ಷ ಕುಡಿದ 116 ಮಂದಿಯಲ್ಲಿ 32 ಮಂದಿ ಹಾಸಿಗೆ ಹಿಡಿದರು. 1 ಕೋಟಿ ಕುಡಿದ 32 ಮಂದಿಯಲ್ಲಿ 16. 100 ಕೋಟಿ ಕುಡಿದ 42 ಮಂದಿಯಲ್ಲಿ 40. ಇವರೆಲ್ಲ ಸ್ವಇಚ್ಛೆಯಿಂದ ಬಂದವರು ಎಂದು ದಾಖಲೆ ಹೇಳುತ್ತದೆ. ಕಂಬಿಯ ಹಿಂದಿರುವವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅವರ ದೇಹ ಕೊಟ್ಟ ಈ ನಾಲ್ಕು ಸಾಲು ಅಂಕಿಗಳು ಸೋಂಕಿನ ಮೊದಲ ಪಾಠವಾಗಿ ಇಂದಿಗೂ ಉಳಿದಿವೆ.

ರೋಗಾಣು ಮೈಯೊಳಗೆ ಹೊಕ್ಕ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ. ಎಷ್ಟು ಹೊಕ್ಕಿತು, ಯಾವ ದಾರಿಯಲ್ಲಿ ಹೊಕ್ಕಿತು, ಎಷ್ಟು ಬೇಗ ಬೆಳೆಯಿತು, ಹೊಕ್ಕ ಮೈ ಎಂಥದ್ದು ಎಂಬ ನಾಲ್ಕು ಲೆಕ್ಕಗಳು ಸೇರಿ ಕಾಯಿಲೆಯಾಗುತ್ತದೆ. ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಇನ್ನೊಂದು ವಿಷಯವೂ ಸ್ಪಷ್ಟವಾಗುತ್ತದೆ. ರೋಗಾಣುಗಳ ಸಂಖ್ಯೆ ಚಿಕ್ಕದಿರುವಾಗ ತಡೆಯುವ ಖರ್ಚು ಪೈಸೆಗಳಲ್ಲಿರುತ್ತದೆ. ಸಂಖ್ಯೆ ಕೋಟಿ ಮುಟ್ಟಿದ ಮೇಲೆ ಖರ್ಚು ಲಕ್ಷಕ್ಕೆ ಏರುತ್ತದೆ. ನಮ್ಮ ಮನೆಗಳೂ ಸರ್ಕಾರಗಳೂ ಹಣ ಸುರಿಯುತ್ತಿರುವುದು ಹೆಚ್ಚಾಗಿ ಈ ಎರಡನೆಯ ತುದಿಯಲ್ಲಿ.

ಪ್ರತಿ ರೋಗಾಣುವಿಗೂ ಅದರದೇ ಪ್ರಮಾಣ ಇದೆ. ರಕ್ತಭೇದಿ ತರುವ ಶಿಗೆಲ್ಲಾಕ್ಕೆ 10ರಿಂದ 100 ಬ್ಯಾಕ್ಟೀರಿಯಾ ಸಾಕು. ಶೌಚದಿಂದ ಬಂದವರು ಸೋಪು ಹಚ್ಚದೆ ಕೊಟ್ಟ ಒಂದು ತುತ್ತಿನಲ್ಲಿ ಅಷ್ಟು ಇರುತ್ತದೆ. ವಾಂತಿ ತರುವ ನೊರೊವೈರಸ್ಸಿನದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಕ್ಷಯದ ವಿಷಯದಲ್ಲಿ ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಇಳಿದ ಬೆರಳೆಣಿಕೆಯ ಬ್ಯಾಕ್ಟೀರಿಯಾಗಳೇ ಸೋಂಕು ಹಚ್ಚಬಲ್ಲವು. ಕಾಲರಾದ ಲೆಕ್ಕ ಬೇರೆ. ಆರೋಗ್ಯವಂತರ ಮೇಲೆ ನಡೆದ ಪ್ರಯೋಗಗಳಲ್ಲಿ ಬರೀ ನೀರಿನಲ್ಲಿ ಕುಡಿಸಿದಾಗ 10 ಕೋಟಿಯಷ್ಟು ಬೇಕಾಯಿತು. ಮೊದಲು ಸೋಡಾ ಕುಡಿಸಿ ಹೊಟ್ಟೆಯ ಆಮ್ಲವನ್ನು ಇಳಿಸಿ ಆಮೇಲೆ ಕೊಟ್ಟಾಗ 10 ಲಕ್ಷ, ಕೆಲವೊಮ್ಮೆ 10 ಸಾವಿರವೇ ಸಾಕಾಯಿತು. ಅಂದರೆ ನಮ್ಮ ಜಠರದ ಆಮ್ಲ ನೂರು ಬ್ಯಾಕ್ಟೀರಿಯಾ ಬಂದರೆ ತೊಂಬತ್ತೊಂಬತ್ತನ್ನು ಬಾಗಿಲಲ್ಲೇ ಕೊಲ್ಲುತ್ತಿದೆ. ಎದೆಯುರಿಗೆಂದು ವರ್ಷಗಟ್ಟಲೆ ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುವವರು ಈ ಅಂಕಿಯನ್ನು ವೈದ್ಯರ ಮುಂದಿಟ್ಟು ಒಮ್ಮೆ ಕೇಳಬೇಕು. ಆಮ್ಲ ಇಳಿದ ಹೊಟ್ಟೆಗೆ ಭೇದಿಯ ಸೋಂಕು ಸುಲಭವಾಗಿ ತಗಲುತ್ತದೆ.

ಬ್ಯಾಕ್ಟೀರಿಯಾ ಎಂದ ಕೂಡಲೇ ಹೆದರಬೇಕಿಲ್ಲ ಎಂಬುದಕ್ಕೂ ಅಂಕಿಯಿದೆ. 70 ಕಿಲೋ ತೂಕದ ಮನುಷ್ಯನ ದೇಹದಲ್ಲಿ ಅವನದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಎಣಿಕೆಯಲ್ಲಿ ಅವೇ ಹೆಚ್ಚು. ತೂಕದಲ್ಲಿ ಮಾತ್ರ ಎಲ್ಲ ಸೇರಿ 200 ಗ್ರಾಂ. ಬಹುಪಾಲು ದೊಡ್ಡ ಕರುಳಿನಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ, ಹೊರಗಿನಿಂದ ಬಂದ ದುಷ್ಟರಿಗೆ ಜಾಗ ಕೊಡುವುದಿಲ್ಲ. ಇದೇ ಬ್ಯಾಕ್ಟೀರಿಯಾ ಕರುಳಿನಲ್ಲಿದ್ದರೆ ನಿರುಪದ್ರವಿ, ಮೂತ್ರಕೋಶಕ್ಕೆ ಹತ್ತಿದರೆ ಉರಿಮೂತ್ರ, ರಕ್ತಕ್ಕೆ ಇಳಿದರೆ ಪ್ರಾಣಾಪಾಯ.

ಒಳಕ್ಕೆ ಬರಲು ದಾರಿಗಳೂ ಎಣಿಸುವಷ್ಟೇ. ಚರ್ಮದ ವಿಸ್ತಾರ ಸುಮಾರು 2 ಚದರ ಮೀಟರ್. ಗಾಯವಾಗದಿದ್ದರೆ, ಉಣುಗು ಸೊಳ್ಳೆ ಕಚ್ಚದಿದ್ದರೆ, ಅದನ್ನು ದಾಟಿ ಬರುವ ರೋಗಾಣು ಅಪರೂಪ. ಕರುಳಿನ ಒಳಮೈ ಬಿಡಿಸಿ ಹಾಸಿದರೆ 30 ಚದರ ಮೀಟರ್ ದಾಟುತ್ತದೆ, ಶ್ವಾಸಕೋಶದ್ದು 70ರ ಆಸುಪಾಸು. ಹೊರಗಿನ ಗಾಳಿ, ನೀರು, ಅನ್ನಕ್ಕೆ ನಾವು ಇಷ್ಟು ಅಗಲವಾಗಿ ತೆರೆದುಕೊಂಡಿದ್ದೇವೆ. ಶ್ವಾಸನಾಳದಲ್ಲಿ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತ, ಕಫವನ್ನು ನಿಮಿಷಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್ ವೇಗದಲ್ಲಿ ಗಂಟಲಿನತ್ತ ತಳ್ಳುತ್ತಲೇ ಇರುತ್ತವೆ. ಬೀಡಿ ಸಿಗರೇಟಿನ ಹೊಗೆ ಮೊದಲು ಕೆಡಿಸುವುದು ಈ ರೋಮಗಳನ್ನೇ.

ಈಗ ವೇಗದ ಲೆಕ್ಕ. ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಗಂಟೆಗೆ ಒಂದು ಎಂಟಾಯಿತು. 4 ಗಂಟೆಗೆ 4,096. 7 ಗಂಟೆಗೆ 20 ಲಕ್ಷದ ಮೇಲೆ. 10 ಗಂಟೆಗೆ 107 ಕೋಟಿ. ಅಡುಗೆಮನೆಯಲ್ಲಿ ಇದರ ಅರ್ಥ ಏನೆಂದು ನೋಡಿ. ಮಧ್ಯಾಹ್ನ ಒಂದು ಗಂಟೆಗೆ ಇಳಿಸಿದ ಕೋಳಿಸಾರಿಗೆ ಹಸಿ ಮಾಂಸ ಮುಟ್ಟಿದ ಸೌಟಿನಿಂದ 100 ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸೇರಿದವು ಅನ್ನಿ. ಬೇಸಿಗೆಯ ಸೆಕೆಯಲ್ಲಿ ಅರ್ಧ ಗಂಟೆಗೊಮ್ಮೆ ಎರಡಾದರೂ ರಾತ್ರಿ ಎಂಟಕ್ಕೆ ಊಟಕ್ಕೆ ಕೂರುವ ಹೊತ್ತಿಗೆ 16 ಲಕ್ಷ ದಾಟಿರುತ್ತವೆ. ರುಚಿ, ವಾಸನೆ ಯಾವುದೂ ಬದಲಾಗಿರುವುದಿಲ್ಲ. ಕುದಿಬರುವ ಹಾಗೆ ಬಿಸಿ ಮಾಡಿದರೆ ಸಾಲ್ಮೊನೆಲ್ಲಾ ಸಾಯುತ್ತದೆ. ಬರೀ ಬೆಚ್ಚಗೆ ಮಾಡಿ ಬಡಿಸಿದರೆ ಅದಕ್ಕೆ ಇನ್ನಷ್ಟು ಅನುಕೂಲ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರ ಹೆಚ್ಚು ಹೊತ್ತು ನಿಲ್ಲಬಾರದು ಎಂಬ ನಿಯಮ ಹುಟ್ಟಿದ್ದು ಈ ಗುಣಾಕಾರದಿಂದಲೇ.

ಎಲ್ಲ ರೋಗಾಣುಗಳಿಗೂ ಇಷ್ಟು ಅವಸರ ಇಲ್ಲ. ಕ್ಷಯದ ಬ್ಯಾಕ್ಟೀರಿಯಾ ಎರಡಾಗಲು 18ರಿಂದ 24 ಗಂಟೆ ತೆಗೆದುಕೊಳ್ಳುತ್ತದೆ, ಕುಷ್ಠದ್ದು ಎರಡು ವಾರದ ಹತ್ತಿರ. ಕಾಲರಾ ಕೆಲವು ಗಂಟೆಯಿಂದ 5 ದಿನದೊಳಗೆ ಕಾಣಿಸಿಕೊಂಡರೆ ಕುಷ್ಠ ಕಾಣಿಸಿಕೊಳ್ಳಲು ಸರಾಸರಿ 5 ವರ್ಷ ಹಿಡಿಯುವುದಕ್ಕೆ ಈ ನಿಧಾನವೂ ಒಂದು ಕಾರಣ. ಮಲೆನಾಡಿನವರಿಗೆ ಗೊತ್ತಿರುವ ಮಂಗನ ಕಾಯಿಲೆ, ಅಂದರೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್, ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ತರುತ್ತದೆ. ನೂರು ಜನಕ್ಕೆ ಬಂದರೆ ಮೂವರಿಂದ ಐವರನ್ನು ಕೊಲ್ಲುತ್ತದೆ.

20 ನಿಮಿಷಕ್ಕೊಮ್ಮೆ ಎರಡಾಗುವ ಶತ್ರುವಿನ ಎದುರು ನಮ್ಮ ಸೈನ್ಯದ ವೇಗ ಎಷ್ಟು? ಆರೋಗ್ಯವಂತರ ರಕ್ತದ ಒಂದು ಮೈಕ್ರೋಲೀಟರಿನಲ್ಲಿ, ಅಂದರೆ ಒಂದು ಲೀಟರಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ, 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. 7,000 ಎಂದಿಟ್ಟುಕೊಂಡರೆ 5 ಲೀಟರ್ ರಕ್ತದಲ್ಲಿ 3,500 ಕೋಟಿ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಎಂಬ ಮುಂಚೂಣಿಯವು. ಮೂಳೆಯ ಮಜ್ಜೆ ಇವನ್ನು ದಿನಕ್ಕೆ ಸುಮಾರು 10,000 ಕೋಟಿಯಷ್ಟು ಹೊಸದಾಗಿ ತಯಾರಿಸುತ್ತದೆ. ಗಾಯವಾದ ಜಾಗಕ್ಕೆ ಗಂಟೆಗಳೊಳಗೆ ಬಂದು ಒಂದೊಂದೂ ಐದೋ ಹತ್ತೋ ಇಪ್ಪತ್ತೋ ಬ್ಯಾಕ್ಟೀರಿಯಾ ನುಂಗಿ ಸಾಯುತ್ತವೆ. ನಾವು ಹಿಸುಕಿ ಒರೆಸುವ ಕೀವಿನಲ್ಲಿ ಬಹುಪಾಲು ಇವುಗಳ ಹೆಣಗಳೇ.

ಎರಡನೆಯ ಪಡೆ ನಿಧಾನ. ಒಂದು ನಿರ್ದಿಷ್ಟ ರೋಗಾಣುವನ್ನು ಗುರುತು ಹಿಡಿಯಬಲ್ಲ ಲಿಂಫೋಸೈಟ್ ಕಣ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು ಇರುತ್ತದೆ. ಅದು ಎಚ್ಚೆತ್ತ ಮೇಲೆ ದಿನಕ್ಕೆ ಎರಡರಿಂದ ನಾಲ್ಕು ಸಲ ಒಡೆದು, ಮೂರರಿಂದ ಐದು ದಿನದಲ್ಲಿ ಸಾವಿರದಷ್ಟಾಗುತ್ತದೆ. ಪ್ರತಿಕಾಯ ತಯಾರಿಸುವ ಕಣವಾಗಿ ಬಲಿತ ಒಂದೊಂದೂ ಸೆಕೆಂಡಿಗೆ ಸುಮಾರು 2,000 ಪ್ರತಿಕಾಯಗಳನ್ನು ರಕ್ತಕ್ಕೆ ಬಿಡಬಲ್ಲದು. ಆದರೆ ಮೊದಲ ಸಲದ ಸೋಂಕಿಗೆ ಅದು ರಕ್ತದಲ್ಲಿ ಅಳತೆಗೆ ಸಿಗುವಷ್ಟಾಗಲು ಒಂದು ವಾರದ ಹತ್ತಿರ ಬೇಕು. ಲಸಿಕೆ ಕೊಳ್ಳುವುದು ಈ ಒಂದು ವಾರವನ್ನು. ಗುರುತು ಹಿಡಿಯುವ ಕಣಗಳನ್ನು ಮೊದಲೇ ಹೆಚ್ಚಿಸಿ ಇಟ್ಟಿರುವುದರಿಂದ ನಿಜವಾದ ರೋಗಾಣು ಬಂದಾಗ ಎಣಿಕೆ ಒಂದರಿಂದ ಶುರುವಾಗಬೇಕಿಲ್ಲ.

ಈ ಯುದ್ಧಕ್ಕೆ ದೇಹ ಖರ್ಚು ಮಾಡುತ್ತದೆ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಕ್ತಿಯ ಖರ್ಚು ನೂರಕ್ಕೆ ಹತ್ತರಷ್ಟು ಏರುತ್ತದೆ. ಸುಮ್ಮನೆ ಮಲಗಿದ್ದರೂ 1,500 ಕ್ಯಾಲೊರಿ ಬೇಕಾದ ಮೈಗೆ 39 ಡಿಗ್ರಿ ಜ್ವರದಲ್ಲಿ ಸುಮಾರು 300 ಹೆಚ್ಚು ಬೇಕು. ಜ್ವರ ಬಂದವರನ್ನು ಉಪವಾಸ ಕೆಡವುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಗಂಜಿಯಾಗಲಿ, ರಾಗಿ ಅಂಬಲಿಯಾಗಲಿ, ಒಳಗೆ ಹೋಗಬೇಕು.

ಮೊದಲ ಪಡೆ ಸೋತು ಸೋಂಕಿಗೆ ದೇಹವೇ ಹದತಪ್ಪಿ ಪ್ರತಿಕ್ರಿಯಿಸಿದರೆ ರಕ್ತ ನಂಜಾಗುತ್ತದೆ. 2017ರಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನರಿಗೆ ಹಾಗಾಯಿತು, 1.1 ಕೋಟಿ ಜನ ಸತ್ತರು ಎಂದು ಅಂದಾಜು. ಆ ವರ್ಷದ ಪ್ರತಿ ಐದು ಸಾವಿನಲ್ಲಿ ಒಂದು. ಉಸಿರು ನಿಮಿಷಕ್ಕೆ 22 ದಾಟಿದ್ದರೆ, ರಕ್ತದೊತ್ತಡದ ಮೇಲಿನ ಅಂಕಿ 100ಕ್ಕೆ ಇಳಿದಿದ್ದರೆ, ಮಾತು ತೊದಲಿ ಗೊಂದಲವಾಗಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಆ ಸ್ಥಿತಿಯಲ್ಲಿ ಔಷಧಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡಬೇಕಾಗುತ್ತದೆ. ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಒಂದು ದಿನಕ್ಕೆ ಹತ್ತಾರು ಸಾವಿರ ರೂಪಾಯಿ ಬಿಲ್ ಆಗುವುದು ಈ ಹಂತದಲ್ಲಿ.

ಅಗ್ಗದ ತುದಿಗೆ ಬರೋಣ. ಸಾವಿರ ಲೀಟರ್ ಕುಡಿಯುವ ನೀರನ್ನು ಶುದ್ಧ ಮಾಡಲು ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಊರಿನ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದ್ದಾದರೆ 125 ಗ್ರಾಂ. ಕಿಲೋಗೆ ₹40 ಎಂದರೆ ಒಂದು ಸಲ ಟ್ಯಾಂಕ್ ತುಂಬಿದ್ದಕ್ಕೆ ₹5. ತಲೆಗೆ ದಿನಕ್ಕೆ 55 ಲೀಟರಿನಂತೆ 900 ಜನರಿಗೆ ಆ ನೀರು ಬರುತ್ತದೆ. ಒಬ್ಬರಿಗೆ ಅರ್ಧ ಪೈಸೆಗಿಂತ ಸ್ವಲ್ಪ ಹೆಚ್ಚು.

ಕೆಲಸ ಮಾಡುವವನು ನೀರುಗಂಟಿ. ಪೌಡರನ್ನು ಹಾಗೇ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಗಟ್ಟಿಯಾಗಿ ಕಲಸಬೇಕು, ಮುದ್ದೆ ಒಡೆಯಬೇಕು, ಆಮೇಲೆ ಬಕೆಟ್ ತುಂಬ ನೀರು ಹಾಕಿ ತಿರುವಿ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಿಟ್ಟು, ಕನಿಷ್ಠ ಅರ್ಧ ಗಂಟೆ ಬಿಟ್ಟು ಗೇಟ್‌ವಾಲ್ವ್ ತೆರೆಯಬೇಕು. ಊರ ಕೊನೆಯ ಮನೆಯ ನಲ್ಲಿಯಲ್ಲಿ ನೀರು ಹಿಡಿದು ಪರೀಕ್ಷೆಯ ದ್ರಾವಣದ ಹನಿ ಬಿಟ್ಟರೆ ಹಳದಿ ಬರಬೇಕು. ಆ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ಭಾರತೀಯ ಮಾನಕ. ಚೀಲದ ಬಾಯಿ ತೆರೆದಿಟ್ಟ ಪೌಡರ್ ಗಾಳಿ, ಬೆಳಕು, ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಹೊಸದರಲ್ಲಿ ನೂರಕ್ಕೆ 33ರಷ್ಟಿದ್ದ ಕ್ಲೋರಿನ್ ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧಕ್ಕೆ ಇಳಿದಿದ್ದರೆ 125 ಗ್ರಾಂ ಹಾಕಿದರೂ ಹಾಕಿದ ಹಾಗಲ್ಲ. ನೀರುಗಂಟಿಗೆ ಸರಿಯಾದ ಸಂಬಳ, ಮುಚ್ಚಳವಿರುವ ಡ್ರಮ್ಮು, ಪರೀಕ್ಷೆಯ ಕಿಟ್ ಕೊಡುವುದು ಆರೋಗ್ಯ ಇಲಾಖೆಯ ಎಷ್ಟೋ ದೊಡ್ಡ ಯೋಜನೆಗಳಿಗಿಂತ ಹೆಚ್ಚು ಜೀವ ಉಳಿಸುತ್ತದೆ ಎಂದು ನಾನು ನಂಬುತ್ತೇನೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದ ಜನ ವಾಂತಿಭೇದಿಯಿಂದ ಸತ್ತರು. ಸಾಲುಸಾಲಾಗಿ ಆಸ್ಪತ್ರೆ ಸೇರಿದರು.

ನೀರಿನ ಮೂಲ ಬದಲಾದರೆ ಸಾವಿನ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದನ್ನು ಮೊದಲು ಅಂಕಿಯಲ್ಲಿ ತೋರಿಸಿದವರು ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರ ಕಾಲರಾದಲ್ಲಿ ದಕ್ಷಿಣ ಲಂಡನ್ನಿನ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಮತ್ತು ವಾಕ್ಸಾಲ್ ಕಂಪನಿ ಥೇಮ್ಸ್ ನದಿಗೆ ಊರಿನ ಕೊಳಚೆ ಸೇರುವ ಜಾಗದಿಂದಲೇ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಕೊಳಚೆಗಿಂತ ಮೇಲಕ್ಕೆ ಸರಿಸಿಕೊಂಡಿತ್ತು. ಸ್ನೋ ಸತ್ತವರ ಮನೆಮನೆಗೆ ಹೋಗಿ ಇವರದ್ದು ಯಾವ ಕಂಪನಿಯ ನೀರು ಎಂದು ಕೇಳಿದರು. ಮೊದಲ ಕಂಪನಿಯ 40,046 ಮನೆಗಳಲ್ಲಿ 1,263 ಸಾವು. ಎರಡನೆಯದರ 26,107 ಮನೆಗಳಲ್ಲಿ 98. ಹತ್ತು ಸಾವಿರ ಮನೆಗೆ 315 ಮತ್ತು 37. ಕಾಲರಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಗುರುತಿಸಿ ಜಗತ್ತಿಗೆ ತೋರಿಸಲು ಇನ್ನೂ ಮೂವತ್ತು ವರ್ಷ ಇತ್ತು.

ಕಾಲರಾ ಕೊಲ್ಲುವುದು ನೀರು ಹರಿಸಿ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನಂತೆ ಭೇದಿಯಾಗುತ್ತದೆ. 60 ಕಿಲೋ ತೂಕದವರ ಮೈಯಿಂದ 6 ಲೀಟರ್ ಹೋದರೆ ಅದು ತೂಕದ ಹತ್ತರಲ್ಲೊಂದು ಪಾಲು, ನಾಡಿ ಸಿಗುವುದು ಕಷ್ಟ. ಆಗ ಮೂರು ಗಂಟೆಯಲ್ಲಿ ಅರ್ಧ ಲೀಟರಿನ 12 ಬಾಟಲಿ ಗ್ಲೂಕೋಸು ಸಲೈನು ಎಂದು ನಾವು ಕರೆಯುವ ರಿಂಗರ್ ಲ್ಯಾಕ್ಟೇಟನ್ನು ರಕ್ತನಾಳಕ್ಕೆ ಏರಿಸಬೇಕು. ಅಲ್ಲಿಗೆ ಮುಟ್ಟುವ ಮುಂಚೆ ಹಿಡಿದರೆ ಓಆರ್‌ಎಸ್ ಸಾಕು. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಒಟ್ಟು 20.5 ಗ್ರಾಂ. ಅದೇ 60 ಕಿಲೋದವರಿಗೆ ನಾಲ್ಕು ಗಂಟೆಯಲ್ಲಿ ನಾಲ್ಕೂವರೆ ಲೀಟರ್, ಅಂದರೆ ಐದು ಪ್ಯಾಕೆಟ್. ಮೆಡಿಕಲ್ ಶಾಪಿನಲ್ಲಿ ಪ್ಯಾಕೆಟ್ ₹20ರ ಆಸುಪಾಸು, ಆಶಾ ಕಾರ್ಯಕರ್ತೆಯ ಹತ್ತಿರ ಉಚಿತ. ಅರ್ಧ ಪ್ಯಾಕೆಟ್ ಅರ್ಧ ಲೋಟಕ್ಕೆ ಎಂದು ಅಂದಾಜಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೂರ್ತಿ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಸಣ್ಣ ಪ್ಯಾಕೆಟ್ಟಾದರೆ ಮೇಲೆ ಬರೆದಷ್ಟು ನೀರಿಗೆ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಸಲೈನ್ ಬಾಟಲಿಗಳು ಮುಗಿದಾಗ ಇದೇ ಬಗೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಯ ತಾಯಿ, ಅಕ್ಕ, ಗಂಡ ಯಾರು ಜೊತೆಗಿದ್ದರೋ ಅವರ ಕೈಯಲ್ಲೇ ಕುಡಿಸಿದರು. ಲೀಟರಿಗೆ ತಗಲಿದ್ದು ಸುಮಾರು 11 ಪೈಸೆ. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಈ ಮನುಷ್ಯನ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಿತ್ತು.

ಪ್ರಮಾಣದ ಲೆಕ್ಕ ಜೀವ ಉಳಿಸಿದ ಇನ್ನೊಂದು ಜಾಗ ನಾಯಿ ಕಡಿತ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಸಾವು ಎಂಬ ಅಂದಾಜಿದೆ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಭಾರತದ್ದು. ಕರ್ನಾಟಕದಲ್ಲಿ ನಾಯಿ ಕಚ್ಚಿಸಿಕೊಂಡವರ ಸಂಖ್ಯೆ 2024ರಲ್ಲಿ ಮೂರು ಲಕ್ಷ ದಾಟಿತ್ತು. ಇಲ್ಲಿ ನಮಗೆ ಸಿಗುವ ಅವಕಾಶ ವೈರಸ್ಸಿನ ನಡಿಗೆಯಲ್ಲಿದೆ. ಅದು ರಕ್ತದಲ್ಲಿ ಓಡುವುದಿಲ್ಲ. ಗಾಯದ ಜಾಗದ ನರ ಹಿಡಿದು ಮಿದುಳಿನತ್ತ ಸಾಗುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಮುಖಕ್ಕೆ ಕಚ್ಚಿದರೆ ಕಡಿಮೆ. ಅಷ್ಟರೊಳಗೆ ಪ್ರತಿಕಾಯ ತಯಾರಾದರೆ ಮನುಷ್ಯ ಉಳಿಯುತ್ತಾನೆ.

ಮೊದಲ ಖರ್ಚು ₹10ರ ಸೋಪು. ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಬೇಕು. ರೇಬೀಸ್ ವೈರಸ್ಸಿನ ಹೊರಹೊದಿಕೆ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಗಡಿಯಾರ ನೋಡಿಕೊಂಡು ತೊಳೆದರೆ 15 ನಿಮಿಷ ಎಷ್ಟು ದೀರ್ಘ ಎಂದು ತಿಳಿಯುತ್ತದೆ. ಬಹಳ ಜನ ಒಂದು ನಿಮಿಷಕ್ಕೆ ಕೈಬಿಟ್ಟು ಅರಿಶಿನವನ್ನೋ ಸುಣ್ಣವನ್ನೋ ಖಾರದಪುಡಿಯನ್ನೋ ಮೆತ್ತುತ್ತಾರೆ. ಹಾಗೆ ಮಾಡಬಾರದು.

ಆಮೇಲೆ ಇಂಜೆಕ್ಷನ್. ಹೊಕ್ಕುಳಿನ ಸುತ್ತ 14 ಸೂಜಿ ಎಂಬ ಭಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಲಾಯಿತು. ಈಗಿನದು ತೋಳಿಗೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ ಒಂದೊಂದು ಪೂರ್ತಿ ವಯಲ್, ಒಟ್ಟು ಐದು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಪದರದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7, 28ನೇ ದಿನ ಎರಡೂ ತೋಳಿಗೆ 0.1 ಮಿಲಿಲೀಟರ್. ಒಟ್ಟು 0.8 ಮಿಲಿಲೀಟರ್. ಐದು ವಯಲ್ ಬೇಕಾದಲ್ಲಿ ಎರಡು ವಯಲಿಗಿಂತ ಕಡಿಮೆ ಸಾಕಾಯಿತು. ರಕ್ಷಣೆ ಅಷ್ಟೇ. ಚರ್ಮದಲ್ಲಿ ರೋಗನಿರೋಧಕ ಕಣಗಳು ದಟ್ಟವಾಗಿರುವುದರಿಂದ ಇಷ್ಟು ಕಡಿಮೆ ಪ್ರಮಾಣ ಕೆಲಸ ಮಾಡುತ್ತದೆ. 2006ರಲ್ಲಿ ಭಾರತ ಇದಕ್ಕೆ ಒಪ್ಪಿಗೆ ಕೊಟ್ಟದ್ದರಿಂದಲೇ ಅದೇ ಹಣದಲ್ಲಿ ಹಲವು ಪಟ್ಟು ಜನಕ್ಕೆ ಲಸಿಕೆ ಮುಟ್ಟುತ್ತಿದೆ.

ರಕ್ತ ಬರುವ ಹಾಗೆ ಕಚ್ಚಿದ್ದರೆ ಲಸಿಕೆಯೊಂದೇ ಸಾಲದು. ಅದು ಕೆಲಸ ಶುರುಮಾಡಲು ಒಂದೆರಡು ವಾರ ಬೇಕಲ್ಲ, ಆ ಮಧ್ಯದ ದಿನಗಳಿಗಾಗಿ ಸಿದ್ಧ ಪ್ರತಿಕಾಯವನ್ನು ಗಾಯದ ಸುತ್ತಲೇ ಚುಚ್ಚಬೇಕು. ಇದರ ಗರಿಷ್ಠ ಪ್ರಮಾಣ ಮೈತೂಕದ ಮೇಲೆ. ಮನುಷ್ಯ ರಕ್ತದಿಂದ ತೆಗೆದದ್ದಾದರೆ ಕಿಲೋಗೆ 20 ಯೂನಿಟ್, ಕುದುರೆಯದ್ದಾದರೆ 40. 60 ಕಿಲೋದವರಿಗೆ 1,200 ಅಥವಾ 2,400. ಕುದುರೆಯದರ ಬೆಲೆ ಹಲವು ಪಟ್ಟು ಕಡಿಮೆ. ತಾಲ್ಲೂಕು ಆಸ್ಪತ್ರೆಯಲ್ಲಿ ಲಸಿಕೆ ಇದೆ, ಇಮ್ಯೂನೋಗ್ಲೋಬ್ಯುಲಿನ್ ಇಲ್ಲ ಎಂದು ಹೇಳಿ ಕಳಿಸಿದರೆ ಅರ್ಧ ಚಿಕಿತ್ಸೆ ಮಾತ್ರ ಆಗಿದೆ ಎಂದರ್ಥ. ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಕೈ ತೊಳೆಯುವುದರ ಲೆಕ್ಕವನ್ನು ವಿಯೆನ್ನಾದ ಹೆರಿಗೆ ಆಸ್ಪತ್ರೆ ಬರೆದಿಟ್ಟಿದೆ. 1847ರ ಏಪ್ರಿಲ್‌ನಲ್ಲಿ ಅಲ್ಲಿನ ಮೊದಲ ವಿಭಾಗದಲ್ಲಿ 312 ಹೆರಿಗೆಗೆ 57 ತಾಯಂದಿರು ಸತ್ತರು. ಶವಪರೀಕ್ಷೆ ಮುಗಿಸಿ ನೇರ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಮೇ ತಿಂಗಳ ನಡುವೆ ಕಟ್ಟುನಿಟ್ಟು ಮಾಡಿದರು. ಜೂನ್‌ನಲ್ಲಿ 268ಕ್ಕೆ 6. ಜುಲೈಯಲ್ಲಿ 250ಕ್ಕೆ 3. ಇಂದಿಗೂ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ ನೂರು ಜನರಲ್ಲಿ 15 ಮಂದಿಗೆ ಅಲ್ಲೇ ಹೊಸ ಸೋಂಕು ತಗಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರ್ಡಿಗೆ ಬಂದ ಡಾಕ್ಟರಿಗೆ "ಸರ್, ಕೈ ತೊಳೆದುಕೊಂಡ್ರಾ?" ಎಂದು ಕೇಳುವುದು ಅವಮಾನ ಅಲ್ಲ.

ಆಂಟಿಬಯೋಟಿಕ್ ಬಂದ ಮೇಲೆ ಈ ಎಚ್ಚರಗಳೆಲ್ಲ ಸಡಿಲವಾದವು. ಅದು ಎಷ್ಟು ದುರ್ಲಭವಾಗಿತ್ತು ಎಂಬುದನ್ನು ನೆನೆಯಬೇಕು. 1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಡಲು ಶುರುಮಾಡಿದರು. ಮುಖದ ಸೋಂಕು ಹರಡಿ ಆಗಲೇ ಒಂದು ಕಣ್ಣು ಹೋಗಿತ್ತು. ನಾಲ್ಕೈದು ದಿನದಲ್ಲಿ ಜ್ವರ ಇಳಿಯಿತು, ಊಟ ಸೇರಿತು. ಅಷ್ಟರಲ್ಲಿ ಔಷಧಿ ಮುಗಿಯಿತು. ಅವರ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರು. ಅದೂ ಮುಗಿದು ಮಾರ್ಚ್ 15ರಂದು ಅವರು ತೀರಿಕೊಂಡರು. ಜಗತ್ತಿನಲ್ಲಿದ್ದದ್ದೇ ಕೆಲವು ಗ್ರಾಂ. ಇಂದು ದಿನಕ್ಕೆ ಮೂರರಂತೆ ಐದು ದಿನ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ನುಂಗಿದವರು 7.5 ಗ್ರಾಂ ನುಂಗಿರುತ್ತಾರೆ. ಬಹಳ ಸಲ ಅದು ಆಂಟಿಬಯೋಟಿಕ್ ಮುಟ್ಟಲಾರದ ವೈರಸ್ ನೆಗಡಿಗೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು 2019ರಲ್ಲಿ ನೇರವಾಗಿ 12.7 ಲಕ್ಷ ಜನರನ್ನು ಕೊಂದವು ಎಂದು ಅಂದಾಜು.

ಬಗ್ಗದ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ ಎಂಬುದನ್ನು ಕ್ಷಯದ ಲೆಕ್ಕ ಚೆನ್ನಾಗಿ ಹೇಳುತ್ತದೆ. ಶ್ವಾಸಕೋಶದಲ್ಲಿ ಕ್ಷಯ ಕೊರೆದ ಒಂದು ಗುಳಿಯಲ್ಲಿ 10 ಕೋಟಿ ಬ್ಯಾಕ್ಟೀರಿಯಾ ಇರಬಹುದು. ಐಸೋನಿಯಾಜಿಡ್ ಎಂಬ ಮಾತ್ರೆಗೆ ಬಗ್ಗದ್ದು ಸಹಜವಾಗಿಯೇ 10 ಲಕ್ಷಕ್ಕೆ ಒಂದು. ಅಂದರೆ ಮೊದಲ ಮಾತ್ರೆ ನುಂಗುವ ಮೊದಲೇ ನೂರು ಅಲ್ಲಿವೆ. ರಿಫಾಂಪಿಸಿನ್‌ಗೆ ಬಗ್ಗದ್ದು 10 ಕೋಟಿಗೆ ಒಂದು. ಎರಡಕ್ಕೂ ಒಟ್ಟಿಗೆ ಬಗ್ಗದ್ದು ಕೋಟಿಯ ಕೋಟಿಗೆ ಒಂದು. ಹಾಗಾಗಿ ಯಾವ ಔಷಧಿಯನ್ನೂ ಒಂಟಿಯಾಗಿ ಕೊಡುವುದಿಲ್ಲ. ಎರಡು ತಿಂಗಳು ನಾಲ್ಕು, ಆಮೇಲೆ ನಾಲ್ಕು ತಿಂಗಳು ಮೂರು, ಒಟ್ಟು 168 ದಿನ. ಎರಡನೆಯ ತಿಂಗಳಿಗೆ ಕೆಮ್ಮು ನಿಂತು ತೂಕ ಬಂದಾಗ ಮಾತ್ರೆ ಬಿಡುವವರಿದ್ದಾರೆ. ಒಳಗೆ ನಿಧಾನವಾಗಿ ಬೆಳೆಯುವವು ಆಗಿನ್ನೂ ಸತ್ತಿರುವುದಿಲ್ಲ.

2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಜನರಿಗೆ ಕ್ಷಯ ಬಂತು, ಜಗತ್ತಿನ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು. ಬ್ಯಾಕ್ಟೀರಿಯಾ ಹೊಕ್ಕವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಾತ್ರ. ಆ ಐದೋ ಹತ್ತೋ ಮಂದಿ ಯಾರು? ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಇದರ ಒಂದು ಉತ್ತರವನ್ನು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಅಳೆದರು. 2,800 ರೋಗಿಗಳು, ಅವರ ಮನೆಯ 10,345 ಮಂದಿ. ರೋಗಿಗಳೆಲ್ಲರಿಗೂ ತಿಂಗಳ ಆಹಾರದ ಚೀಲ ಸಿಕ್ಕಿತು. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ. ಹೀಗೆ ಊಟ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಇಳಿಯಿತು. ಹರಡುವಂಥ ಶ್ವಾಸಕೋಶದ ಕ್ಷಯ 48ರಷ್ಟು. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಗಣನೀಯವಾಗಿ ಕಡಿಮೆಯಾಯಿತು. 2023ರ ಆಗಸ್ಟ್‌ನಲ್ಲಿ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂತು. ಇಷ್ಟು ಪರಿಣಾಮ ಕೊಡುವ ಲಸಿಕೆಯೊಂದು ಸಿಕ್ಕಿದ್ದರೆ ದೇಶವೇ ಹಬ್ಬ ಮಾಡುತ್ತಿತ್ತು.

2019ರ ದರದಲ್ಲಿ ರೋಗಿಯ ಚೀಲಕ್ಕೆ ತಿಂಗಳಿಗೆ ಸುಮಾರು ₹1,100, ಮನೆಯವರಿಗೆ ತಲೆಗೆ ₹325. ರೋಗಿಯ ಜೊತೆ ನಾಲ್ವರಿರುವ ಮನೆಗೆ ಆರು ತಿಂಗಳಿಗೆ ₹14,400. ಔಷಧಿಗೆ ಬಗ್ಗದ ಕ್ಷಯ ಬಂದರೆ ಕೂಲಿ ತಪ್ಪಿದ ತಿಂಗಳುಗಳನ್ನು ಲೆಕ್ಕ ಹಿಡಿದರೆ ಸಾಕು, ಈ ಮೊತ್ತ ದಾಟುತ್ತದೆ. ಕೇಂದ್ರ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ ₹500ರಿಂದ ₹1,000ಕ್ಕೆ ಏರಿಸಿದೆ. ಅದು ರೋಗಿಯ ಖಾತೆಗೆ ಬರುತ್ತದೆ. ಅದೇ ಸೂರಿನಡಿ, ಅದೇ ಗಾಳಿ ಉಸಿರಾಡುತ್ತ ಮಲಗುವ ಹೆಂಡತಿ, ಮಕ್ಕಳು, ಅತ್ತೆಯ ಊಟಕ್ಕೆ ದಾನಿಗಳು ಮುಂದೆ ಬರಬೇಕೆಂದು ಕಾಯುತ್ತಿದ್ದೇವೆ. ಕರ್ನಾಟಕದ ಪಡಿತರ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಕೊರತೆ ಇರುವುದು ಬೇಳೆಯದ್ದು. ಕಿಲೋಗೆ ₹140 ಎಂದರೂ ಒಂದೂವರೆ ಕಿಲೋ ತೊಗರಿ ಬೇಳೆಗೆ ₹210, ನಾಲ್ವರಿಗೆ ಆರು ತಿಂಗಳಿಗೆ ₹5,040. ತೊಗರಿ ಕಲಬುರಗಿಯಲ್ಲಿ ಬೆಳೆಯುತ್ತದೆ, ಕ್ಷಯ ಯಾವ ಮನೆಯಲ್ಲಿದೆ ಎಂಬ ಪಟ್ಟಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆ. ಆ ಪಟ್ಟಿಯ ಮನೆಗಳಿಗೆ ತಲೆಲೆಕ್ಕದಲ್ಲಿ ಬೇಳೆ ಕೊಡಿ ಎಂಬ ಒಂದು ಆದೇಶ ಹೊರಡಿಸಲು ಹೊಸ ಸಂಶೋಧನೆ ಯಾವುದೂ ಬೇಕಾಗಿಲ್ಲ.